ಡೀಸೆಲ್ ಗಾಡಿಯ ಪರವಾಗಿ

"ಗುರುಗಳೇ, ನನ್ನ ಮಾತು ನಿಜವೇ ಆಗಿದ್ದಾಗ, ಜನ ಅದನ್ನು ಒಪ್ಪಲೆಂದು ಒಂದು ಸಣ್ಣ ಸುಳ್ಳು ಸೇರಿಸಿದರೆ ತಪ್ಪೇ?" ಎಂದು ಶಿಷ್ಯ ಕೇಳಿದ. ಮರುದಿನ ಅವನು ದೊಡ್ಡ ಸಭೆಯಲ್ಲಿ ವಾದಕ್ಕೆ ನಿಲ್ಲುವವನಿದ್ದ. ತಾನೇ ಕಟ್ಟಿದ ಎರಡು ಸಾಲನ್ನು ಹಿರಿಯರ ಮಾತೆಂದು ಹೇಳಿಬಿಡುವ ಯೋಚನೆ ಅವನದು.

ಗುರುಗಳು ಅವನನ್ನು ಮೇಲಿಂದ ಕೆಳಗೆ ನೋಡಿದರು. ಬಹಳ ಬುದ್ಧಿವಂತನಾಗಿದ್ದೀಯ, ಕೂತುಕೋ ಎಂದು ಹೇಳಿ ಕತೆ ಶುರುಮಾಡಿದರು.

ಕಲ್ಲುಗಣಿಗಳ ಊರೊಂದರಲ್ಲಿ ಅಣ್ಣ ತಮ್ಮ ಇದ್ದರು. ಟ್ರೇಲರಿನ ಮೇಲೆ ಕೂರಿಸಿದ ದೊಡ್ಡ ಜನರೇಟರನ್ನು ಪಿಕಪ್ ಗಾಡಿಯ ಹಿಂದೆ ಕಟ್ಟಿ, ಗುಡ್ಡದ ಮೇಲಿನ ಗಣಿಗಳಿಗೆ ಬಾಡಿಗೆಗೆ ಒಯ್ಯುವುದು ಅವರ ಕಸುಬು. ಹಳೆಯ ಪಿಕಪ್ ಕೈಕೊಟ್ಟಾಗ ಹೊಸದು ಬೇಕಾಯಿತು. ಅಣ್ಣ ಪೆಟ್ರೋಲ್ ಗಾಡಿ ಎಂದ. ಸದ್ದು ಕಡಿಮೆ, ರಿಪೇರಿ ಸುಲಭ ಎಂಬುದು ಅವನ ವಾದ. ತಮ್ಮ ಡೀಸೆಲ್ ಎಂದ. ಇಷ್ಟು ಭಾರ ಕಟ್ಟಿಕೊಂಡು ಏರು ಹತ್ತುವುದಕ್ಕೆ ಡೀಸೆಲ್ ಎಂಜಿನ್ನೇ ಆಗಬೇಕು ಎಂದ. ತಮ್ಮನ ಮಾತೇ ಸರಿ. ಅವನು ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ, ಅದನ್ನು ನೆನಪಿಡು.

ಮಾತಿಗೆ ಮಾತು ಬೆಳೆಯಿತು. ಕೊನೆಗೆ ಎರಡೂ ಗಾಡಿಗಳನ್ನು ಪರೀಕ್ಷೆಗೆ ತಂದರು. ಅದೇ ಜನರೇಟರ್, ಅದೇ ಗುಡ್ಡ. ಯಾವುದು ಸಲೀಸಾಗಿ ಹತ್ತುತ್ತದೋ ಅದು ಮನೆಗೆ.

ಆ ಕಸುಬಿನವರಲ್ಲಿ ಒಂದು ಪದ್ಧತಿಯಿದೆ. ಭಾರ ಏರಿಸಿದವನು ಇಳಿಸುವುದಿಲ್ಲ. ದಣಿದ ಕೈಗೆ ಇಳಿಜಾರು ಕೊಡಬಾರದೆಂದು ಇನ್ನೊಬ್ಬ ಇಳಿಸುತ್ತಾನೆ. ಅಣ್ಣ ಪೆಟ್ರೋಲ್ ಗಾಡಿಯನ್ನು ಏರಿಸಿದ. ಅದು ಏದುಸಿರು ಬಿಡುತ್ತ, ಅಲ್ಲಲ್ಲಿ ನಿಂತು, ಹೇಗೋ ಮೇಲೆ ಮುಟ್ಟಿತು. ತಮ್ಮ ಅದನ್ನು ಇಳಿಸಿ ತಂದ. ಮುಟ್ಟಿಯೇಬಿಟ್ಟಿತಲ್ಲ ಎಂದು ದಾರಿಯುದ್ದಕ್ಕೂ ಗೊಣಗಿದ.

ಆ ಟ್ರೇಲರಿಗೆ ತನ್ನದೇ ಬ್ರೇಕು ಇತ್ತು. ಇಳಿಯುವಾಗ ಹಿಂದಿನ ಭಾರ ಮುಂದಿನ ಗಾಡಿಯನ್ನು ನೂಕದಂತೆ ಅದು ಹಿಡಿಯುತ್ತಿತ್ತು. ಹಳೆಯದಾದ್ದರಿಂದ ಏರುವಾಗಲೂ ಕೊಂಚ ಹಿಡಿದುಕೊಂಡೇ ಇರುತ್ತಿತ್ತು. ಅಣ್ಣ ಚಹಾ ಕುಡಿಯಲು ಹೋದಾಗ ತಮ್ಮ ಪಾನಾ ಹಿಡಿದು ಕೆಳಗೆ ನುಸುಳಿ ಬ್ರೇಕಿನ ನಟ್ಟು ಪೂರ್ತಿ ಸಡಿಲಿಸಿದ. ಹೇಗೂ ಗೆಲ್ಲುವುದು ಡೀಸೆಲ್ ಗಾಡಿಯೇ. ಇನ್ನೂ ಚೆಂದಾಗಿ ಗೆಲ್ಲಲಿ ಎಂಬ ಆಸೆ. ಮೇಲೆ ಹೋದಮೇಲೆ ಬಿಗಿ ಮಾಡಿದರಾಯಿತು ಎಂದುಕೊಂಡ. ಎಂಥ ದರಿದ್ರ ಆಸೆ ನೋಡು, ನೆನೆದರೆ ನನಗೆ ಈಗಲೂ ಮೈ ಉರಿಯುತ್ತದೆ.

ತಮ್ಮ ಓಡಿಸಿದ ಡೀಸೆಲ್ ಗಾಡಿ ಎಲ್ಲಿಯೂ ನಿಲ್ಲದೆ ಏರಿತು. ಗಣಿಯ ಜನ ಸುತ್ತುಗಟ್ಟಿ ಚಪ್ಪಾಳೆ ತಟ್ಟಿದರು. ಪಕ್ಕದಲ್ಲಿ ಕೂತು ಬಂದಿದ್ದ ಅಣ್ಣನಿಗೆ ಸೋತ ಬೇಸರವೇ ಇರಲಿಲ್ಲ.

"ನೀ ಹೇಳಿದ್ದ ಖರೆ ಆತಪಾ. ಕೀಲಿ ಕೊಡು, ಇಳಸೂದು ನನ್ನ ಪಾಳಿ," ಎಂದ.

ತಮ್ಮ ಕೀಲಿಯನ್ನು ಮುಷ್ಟಿಯಲ್ಲೇ ಹಿಡಿದುಕೊಂಡ. ಈ ಸಲ ನಾನೇ ಇಳಿಸುತ್ತೇನೆ ಎಂದು ನೋಡಿದ. ಪದ್ಧತಿ ಮುರಿಯಬೇಡ ಎಂದು ಅಣ್ಣ ನಕ್ಕು ಸೀಟಿಗೆ ಹತ್ತಿದ. ನಿಜ ಹೇಳಬಹುದಾಗಿತ್ತು. ಟ್ರೇಲರಿನ ಕೆಳಗೆ ನುಸುಳಿ ನಟ್ಟು ಬಿಗಿ ಮಾಡಲೂಬಹುದಾಗಿತ್ತು. ಅಷ್ಟು ಜನರೆದುರು ಮೋಸ ಬಯಲಾದರೆ ತನ್ನ ಸರಿಯಾದ ಮಾತೂ ಸುಳ್ಳಾದೀತೆಂದು ಹೆದರಿದ. ಗಾಡಿಯ ಬ್ರೇಕೇ ತಡೆದೀತು ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ.

"ಸಾವಕಾಶ ಹೋಗಣ್ಣಾ," ಎಂದಷ್ಟೇ ಹೇಳಿ ಕೀಲಿ ಕೊಟ್ಟ.

ಮೊದಲ ತಿರುವಿನಲ್ಲೇ ಟ್ರೇಲರ್ ಗಾಡಿಯನ್ನು ಹಿಂದಿನಿಂದ ನೂಕಿಕೊಂಡು ಹೋಗಿ ಕಣಿವೆಗೆ ಕೆಡವಿತು. ಜನ ಕೂಗುತ್ತ ಕೆಳಗೆ ಓಡಿದರು. ಅಣ್ಣ ಉಳಿಯಲಿಲ್ಲ. ತಮ್ಮ ನಿಂತಲ್ಲೇ ನಿಂತಿದ್ದ. ಪಾನಾ ಇನ್ನೂ ಅವನ ಜೇಬಿನಲ್ಲೇ ಇತ್ತು.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯ ತಡವರಿಸುತ್ತ ಕೇಳಿದ: "ಆದರೂ ಗುರುಗಳೇ, ಡೀಸೆಲ್ ಗಾಡಿಯೇ ಮೇಲು ಎಂಬ ಅವನ ಮಾತು ನಿಜವಾಗಿತ್ತಲ್ಲವೇ?"

"ಇವತ್ತಿಗೂ ನಿಜವೇ; ಹೋಗಿ ಅವನ ಅತ್ತಿಗೆಗೆ ಹೇಳಿ ಬಾ."