ರಾಣಿಯವರ ಕನ್ನಡಿಗೆ ಚೌಕಟ್ಟು

ಹೊಳೆಯ ದಡದಲ್ಲಿದ್ದ ಕಾಳಾಚಾರ್ಯರ ಗುರುಕುಲದಲ್ಲಿ ಮರದ ಕೆತ್ತನೆ ಕಲಿತವರಿಗೆ ಕೊನೆಗೆ ಮೂರೇ ಮೂರು ಹಲಗೆ ಕೊಡುತ್ತಿದ್ದರು. ಒಂದಾದರೂ ಗುರುಗಳಿಗೆ ಒಪ್ಪಿಗೆಯಾದರೆ ಕಲಿಕೆ ಮುಗಿದಂತೆ. ಇಲ್ಲದಿದ್ದರೆ ಉಳಿ ಕೆಳಗಿಟ್ಟು ಊರಿಗೆ ಹೋಗಬೇಕು.

ಒಪ್ಪಿಗೆಯಾಗದ ಹಲಗೆ ಅನ್ನದ ಒಲೆಗೆ.

ಕಲಿಕೆಯ ಕೊನೆಗೆ ಬಂದಿದ್ದ ಮೋನಪ್ಪನ ಪಾಲಿಗೆ ಬಂದದ್ದು ರಾಣಿಯವರ ಕನ್ನಡಿ. ಅದಕ್ಕೆ ಫ್ರಾನ್ಸ್ ದೇಶದ ರೊಕೊಕೊ ಶೈಲಿಯ ಚೌಕಟ್ಟು ಬೇಕಂತೆ. ಅರಮನೆಯವರು ಒಂದು ಚಿತ್ರವನ್ನೂ ಕಳಿಸಿದ್ದರು. ಅದರ ತುಂಬ ಕಪ್ಪೆಚಿಪ್ಪು, ಸುರುಳಿ ಬಳ್ಳಿ, ನೊರೆಯಂಥ ಅಂಚು; ಎಡಗಡೆ ಇದ್ದಂತೆ ಬಲಗಡೆ ಇಲ್ಲ.

ಹನ್ನೆರಡು ವರ್ಷ ದೇವರ ಪ್ರಭಾವಳಿ ಕೆತ್ತಿ ಪಳಗಿದ ಕೈ ಅವನದು. ಎಂದಿನಂತೆ ಕಾಗದವನ್ನು ನಡುವೆ ಮಡಚಿದ. ಅರ್ಧಕ್ಕೆ ಬಳ್ಳಿ ಬರೆದು, ಸೂಜಿಯಿಂದ ಚುಚ್ಚಿ, ಬಿಡಿಸಿದ. ಎಡಗಡೆ ಇದ್ದದ್ದೇ ಬಲಗಡೆಗೂ ಬಂತು. ಎರಡು ತಿಂಗಳು ಕೂತು ಕೆತ್ತಿದ.

ಗುರುಗಳು ಚೌಕಟ್ಟನ್ನು ನೆಲದ ಮೇಲೆ ಮಲಗಿಸಿ, ಕನ್ನಡಿಯನ್ನು ಅದರ ನಟ್ಟನಡುವೆ ನೆಟ್ಟಗೆ ನಿಲ್ಲಿಸಿದರು. ಬಲಗಡೆಯ ಅರ್ಧ ಕನ್ನಡಿಯ ಹಿಂದೆ ಮರೆಯಾಯಿತು. ಆದರೂ ಎಡಗಡೆಯ ಅರ್ಧ ತನ್ನ ಪ್ರತಿಬಿಂಬದ ಜೊತೆ ಸೇರಿ ಚೌಕಟ್ಟು ಇಡಿಯಾಗಿಯೇ ಕಂಡಿತು.

"ಏನಾದರೂ ಕಡಿಮೆಯಾಯಿತೇನಪ್ಪ?"

"ಇಲ್ಲ ಗುರುಗಳೇ."

"ಹಾಗಾದರೆ ಆ ಅರ್ಧಕ್ಕೆ ನೀನು ಯಾಕೆ ಬೇಕು?"

ಆ ದಿನದ ಅನ್ನ ಬೆಂದದ್ದು ಆ ಚೌಕಟ್ಟಿನ ಉರಿಯಲ್ಲೇ.

ಅವಮಾನವಾಯಿತು, ಅದರ ಹಿಂದೆಯೇ ಹಟವೂ ಬಂತು. ಎರಡನೆಯ ಹಲಗೆಯಲ್ಲಿ ಎಡಕ್ಕೂ ಬಲಕ್ಕೂ ಎಣ್ಣೆ ಸೀಗೆಕಾಯಿ ಅನ್ನುವ ಹಾಗೆ ಕೆತ್ತಿದ. ಎಡಗಡೆ ದಪ್ಪ ಚಿಪ್ಪುಗಳ ರಾಶಿ. ಬಲಗಡೆ ಎರಡೇ ಎಲೆ.

ಗುರುಗಳು ಚೌಕಟ್ಟಿನ ನೆತ್ತಿಗೆ ದಾರ ಕಟ್ಟಿ ತೂಗುಹಾಕಿದರು. ಅದು ಎಡಕ್ಕೆ ವಾಲಿತು.

"ಗುರುಗಳೇ, ಈ ಶೈಲಿಯಲ್ಲಿ ಎರಡು ಕಡೆ ಬೇರೆಬೇರೆ ಇರಬೇಕಲ್ಲವೇ?"

"ಇರಲಿ. ಬೀಳಬೇಕು ಅಂದವರು ಯಾರು?"

ಉಳಿದದ್ದು ಒಂದೇ ಹಲಗೆ.

"ಈ ಸಲ ಗುರುಗಳನ್ನು ಕೇಳಿ ಕೇಳಿ ಕೆತ್ತೋ," ಎಂದರು ಜೊತೆಯವರು.

"ಕೇಳಲ್ಲ. ಕೆಟ್ಟರೂ ನನ್ನ ಕೈಯಿಂದಲೇ ಕೆಡಲಿ."

ಮೋನಪ್ಪ ಕಾಗದ ಮುಟ್ಟಲಿಲ್ಲ. ಎಡಗಡೆ ಒಂದು ಚಿಪ್ಪು ಕೆತ್ತಿದರೆ, ಅದಕ್ಕೆ ಏನು ಉತ್ತರ ಕೊಡಲಿ ಎಂದು ಬಲಗಡೆಯ ಮುಂದೆ ಕೂರುತ್ತಿದ್ದ. ಒಮ್ಮೆ ಮೂರು ದಿನ ಸುಮ್ಮನೆ ಕೂತ. ನಾಲ್ಕನೆಯ ದಿನ ಉದ್ದನೆಯ ಬಳ್ಳಿಯೊಂದು ಹೊಳೆಯಿತು. ದಿನವೂ ಸಂಜೆ ಚೌಕಟ್ಟನ್ನು ದಾರಕ್ಕೆ ತೂಗುಹಾಕಿ ನೋಡಿದ. ವಾಲಿದರೆ ಮಾರನೆಯ ದಿನ ಮತ್ತೆ ಕೆತ್ತಿದ.

ಐದು ತಿಂಗಳಾದ ಮೇಲೆ ಅದು ವಾಲದೆ ನಿಂತಿತು.

ಗುರುಗಳು ಬಹಳ ಹೊತ್ತು ನೋಡಿದರು. ಕನ್ನಡಿ ಕೂರಿಸಿ ಅರಮನೆಗೆ ಕಳಿಸಿದರು. ಒಪ್ಪಿದೆ ಅನ್ನಲಿಲ್ಲ, ಇಲ್ಲವೆಂದೂ ಅನ್ನಲಿಲ್ಲ.

ಎಂಟನೆಯ ದಿನ ಅರಮನೆಯ ಪಾರುಪತ್ಯಗಾರ ಬಂದ.

"ರಾಣಿಯವರಿಗೆ ಬಹಳ ಹಿಡಿಸಿದೆ. ಎದುರುಗೋಡೆಗೆ ಅಂಥದ್ದೇ ಇನ್ನೊಂದು ಬೇಕಂತೆ. ಕೂದಲೆಳೆಯಷ್ಟೂ ವ್ಯತ್ಯಾಸ ಇರಬಾರದು."

ಮೋನಪ್ಪ ಗುರುಗಳ ಕಡೆ ನೋಡಿದ. ಅವರು ಚಾಪೆಯ ಮೇಲೆ ಕೂತು ಉಳಿ ಮಸೆಯುತ್ತಿದ್ದರು. ತಲೆ ಎತ್ತಲಿಲ್ಲ.

ಮೋನಪ್ಪನೇ ಮುಂದೆ ಬಂದ.

"ಇನ್ನೊಂದು ಕೆತ್ತುತ್ತೇನೆ ಸ್ವಾಮಿ. ಅಂಥದ್ದೇ ಕೆತ್ತಲ್ಲ."

"ಯಾರ ಅಪ್ಪಣೆ ಗೊತ್ತೇನಯ್ಯ ಇದು?"

"ಗೊತ್ತು. ಬೇಕೆಂದರೆ ಹೊಸದು ಕೆತ್ತುತ್ತೇನೆ. ಇಲ್ಲವೆಂದರೆ ಬೇಡ."

ಪಾರುಪತ್ಯಗಾರನ ಮುಖ ಕೆಂಪಾಯಿತು. ಗುರುಗಳ ಕಡೆ ತಿರುಗಿದ.

"ಆಚಾರ್ಯರೇ, ನಿಮ್ಮ ಶಿಷ್ಯನಿಗೆ ಸ್ವಲ್ಪ ಬುದ್ಧಿ ಹೇಳಿ."

ಕಾಳಾಚಾರ್ಯರು ಉಳಿ ಒರೆಸಿ ಕೆಳಗಿಟ್ಟರು. ಚಾಪೆಯ ಮೇಲೆ ಪಕ್ಕಕ್ಕೆ ಸರಿದು, ತಮ್ಮ ಸಮಕ್ಕೆ ಕೂರುವಂತೆ ಮೋನಪ್ಪನಿಗೆ ಜಾಗ ಮಾಡಿದರು.

"ಶಿಷ್ಯನಾಗಿದ್ದರೆ ಹೇಳುತ್ತಿದ್ದೆ."