ಎರಡು ಬೆರಳಗಲದ ಕಿಂಡಿ

ಒಂದು ಕಾಡಿನಲ್ಲಿ ದೇವೀರಿ ಎಂಬ ಮಂಗಟ್ಟೆ ಹಕ್ಕಿ ಇದ್ದಳು. ಮಂಗಟ್ಟೆಗಳ ಬಾಣಂತನ ಕೇಳಿದ್ದೀರಾ ಮಕ್ಕಳೇ? ಹೆಣ್ಣು ಮರದ ಪೊಟರೆಯೊಳಗೆ ಹೋಗಿ ಕೂತು, ಮಣ್ಣು ಮೆತ್ತಿ ಬಾಗಿಲನ್ನೇ ಮುಚ್ಚಿಬಿಡುತ್ತದೆ! ಎರಡು ಬೆರಳಗಲದ ಕಿಂಡಿಯಷ್ಟೇ ಉಳಿಯುತ್ತದೆ. ಒಳಗೆ ಅದರ ರೆಕ್ಕೆಯ ಗರಿಗಳೆಲ್ಲ ಉದುರುತ್ತವೆ. ಹೊಸ ಗರಿ ಬರುವವರೆಗೆ, ಗಂಡು ಕಿಂಡಿಯಲ್ಲಿ ಕೊಟ್ಟ ಹಣ್ಣೇ ಊಟ.

ದೇವೀರಿಯ ಗಂಡ ಹಾಲಪ್ಪ ಮಹಾ ಗಡಿಬಿಡಿಯವನು. ಆದರೆ ಒಂದು ಹೊತ್ತೂ ಊಟ ತಪ್ಪಿಸಿದವನಲ್ಲ. ಎರಡು ಮರಿ ಹುಟ್ಟಿದ ದಿನವಂತೂ ಅವನನ್ನು ಹಿಡಿಯುವವರೇ ಇರಲಿಲ್ಲ. ಆಮೇಲೊಂದು ದಿನ ಜೋರು ಗಾಳಿ ಎದ್ದಿತು. ಹಣ್ಣಿಗೆಂದು ಹೋದ ಹಾಲಪ್ಪ ಹಿಂತಿರುಗಲಿಲ್ಲ.

ಒಂದು ದಿನ ಹೋಯಿತು. ಎರಡು ದಿನ ಹೋಯಿತು. ದೇವೀರಿ ಕಿಂಡಿಗೆ ಕಣ್ಣಿಟ್ಟು ಕೂತೇ ಇದ್ದಳು. ಎಲ್ಲೋ ರೆಕ್ಕೆ ಬಡಿದ ಸದ್ದಾದರೆ ಸಾಕು, ಎದೆ ಹಾರುತ್ತಿತ್ತು. ಅದು ಬೇರೆ ಯಾವುದೋ ಹಕ್ಕಿಯಾಗಿರುತ್ತಿತ್ತು. ಮರಿಗಳು ಅತ್ತು ಅತ್ತು ಸೋತು ಸುಮ್ಮನಾದವು.

"ದೇವರೇ, ನಿನ್ನ ಕರುಣೆ ಎಲ್ಲಿ ಹೋಯ್ತಪ್ಪಾ? ನನ್ನ ಮಕ್ಕಳನ್ನ ಉಳಿಸು" ಎಂದು ಬಿಕ್ಕಿದಳು.

ಕೆಳಗಿನ ಕೊಂಬೆಯಲ್ಲಿದ್ದ ಮರಬೆಕ್ಕಿಗೆ ಅದು ಕೇಳಿಸಿತು. ಮರಿಹಕ್ಕಿಯೆಂದರೆ ಅದಕ್ಕೆ ಪ್ರಾಣ, ತಿನ್ನುವುದಕ್ಕೆ! ಸರಸರ ಹತ್ತಿ ಬಂದು, ಕಿಂಡಿಗೆ ಕಾಣದಂತೆ ಪಕ್ಕದಲ್ಲಿ ನಿಂತು ದನಿ ಮೆತ್ತಗೆ ಮಾಡಿತು.

"ಅಳಬೇಡ ತಂಗೀ. ದೇವರು ನನ್ನನ್ನೇ ಕಳಿಸಿದ್ದಾನೆ! ಅತ್ತಿಹಣ್ಣಿನ ದೊಡ್ಡ ಗೊಂಚಲೇ ತಂದಿದ್ದೀನಿ. ಬೇಗ ಈ ಗೋಡೆ ಒಡಿ."

ದೇವೀರಿಗೆ ಜೀವ ಬಂದಂತಾಯಿತು. ಕೊಕ್ಕೆತ್ತಿ ಗೋಡೆಗೆ ಒಂದೇಟು ಹಾಕಿಯೇಬಿಟ್ಟಳು. ಮಣ್ಣು ಉದುರಿತು. ಎರಡನೇ ಏಟಿಗೆ ಮುಂಚೆ ತಡೆದು ನಿಂತಳು.

"ಅಣ್ಣಾ, ಮಕ್ಕಳು ಸೋತಿವೆ. ಮೊದಲು ಒಂದೇ ಒಂದು ಹಣ್ಣು ಕಿಂಡೀಲಿ ಕೊಡು."

"ಛೆ, ಇಷ್ಟು ಸಣ್ಣ ಕಿಂಡೀಲಿ ಹೇಗೆ ಕೊಡಲಿ?"

"ನಮ್ಮ ಯಜಮಾನ್ರು ಇಷ್ಟು ದಿನ ಇದರಲ್ಲೇ ಕೊಟ್ರಲ್ಲ? ಕೊಡೋರಿಗೆ ಕಿಂಡಿ ಸಾಕಣ್ಣಾ. ಎತ್ಕೊಂಡು ಹೋಗೋರಿಗೆ ಬಾಗಿಲು ಬೇಕು."

ಮರಬೆಕ್ಕಿನ ಮುಖ ಇಂಗು ತಿಂದ ಮಂಗನಂತಾಯಿತು. ಸಿಟ್ಟಿನಲ್ಲಿ ಕಿಂಡಿಯೊಳಗೇ ಪಂಜ ತೂರಿಸಿತು. ದೇವೀರಿ ತನ್ನ ದಪ್ಪ ಕೊಕ್ಕಿನಿಂದ ಅದನ್ನು ಕಚ್ಚಿ ಹಿಡಿದಳು. ಬಿಡಲೇ ಇಲ್ಲ! ಕಾಡೆಲ್ಲ ಕೇಳುವಂತೆ ಬೆಕ್ಕು ಅರಚಿತು. ಕೊನೆಗೆ ಪಂಜ ಕಿತ್ತುಕೊಂಡು, ದೊಪ್ಪನೆ ಕೆಳಗೆ ಬಿದ್ದು, ಕುಂಟುತ್ತಾ ಓಡಿತು.

ಆ ಅರಚಾಟ ಕೇಳಿ ಒಬ್ಬಳು ಮುದಿ ಮಂಗಟ್ಟೆ ಹಾರಿ ಬಂದಳು. ಕಿಂಡಿಯಲ್ಲಿ ಇಣುಕಿ ಮರಿಗಳನ್ನು ಕಂಡಳು. ಏನೂ ಕೇಳದೆ ಹೋಗಿ, ಹಣ್ಣು ತಂದು, ಕೊಕ್ಕನ್ನು ಒಳಗೆ ಚಾಚಿದಳು.

ದೇವೀರಿಗೆ ಕಣ್ಣು ತುಂಬಿ ಬಂತು. "ನಿಮ್ಮನ್ನ ದೇವರು ಕಳಿಸಿದನಾ ಅಜ್ಜೀ?"

"ನನಗೇನು ಗೊತ್ತು ಮಗಳೇ? ಹೋದ ವರ್ಷ ಇದೇ ಬೆಕ್ಕು ನನ್ನ ಮರಿಗಳನ್ನ ತಿಂತು. ಅವತ್ತಿಂದ ನಾನೂ ದೇವರನ್ನ ಕೇಳ್ತಿದ್ದೆ, ಯಾರಿಗಾದ್ರೂ ಒಂದು ತುತ್ತು ಕೊಡೋ ಭಾಗ್ಯ ಕೊಡಪ್ಪಾ ಅಂತ. ಇವತ್ತು ಕೊಟ್ಟ. ಬಾಯಿ ತೆಗಿ."

ಹಾಲಪ್ಪ ಬರಲೇ ಇಲ್ಲ. ದೇವೀರಿ ಅವನ ದಾರಿ ನೋಡುವುದನ್ನು ಬಿಡಲೂ ಇಲ್ಲ. ಆದರೆ ಅಜ್ಜಿ ದಿನಾ ಬಂದಳು, ಮರಿಗಳೆರಡೂ ಬದುಕಿದವು.

ನೀತಿ: ಕಷ್ಟದಲ್ಲಿ ದೇವರ ಹೆಸರು ಹೇಳಿಕೊಂಡು ಬಂದವರನ್ನೆಲ್ಲ ನಂಬಬಾರದು; ದೇವರ ಕರುಣೆ ಹೆಸರು ಹೇಳದೆ, ನಮ್ಮಂತೆಯೇ ನೊಂದವರ ಕೈಯಲ್ಲಿ ಬರುತ್ತದೆ.