ದ್ಯಾವಜ್ಜಿಯ ಹೆಬ್ಬೆರಳು, ಗುಂಡನ ಮೂಗು

ಲೋಕ ಆಗ ತಾನೇ ತಯಾರಾಗಿತ್ತು. ಬೆಟ್ಟಗಳ ಬಣ್ಣ ಇನ್ನೂ ಒಣಗಿರಲಿಲ್ಲ, ಒರಗಿ ಕೂತವರ ಬೆನ್ನಿಗೆಲ್ಲ ಹಸಿರು ಮೆತ್ತಿಕೊಳ್ಳುತ್ತಿತ್ತು. ಯಾವ ಕಡೆ ಹರಿಯಬೇಕು ಅಂತ ಹೊಳೆಗೂ ಗೊತ್ತಿರಲಿಲ್ಲ. ಬೆಳಿಗ್ಗೆ ಆ ಕಡೆ ಹೋಗಿ ಸಂಜೆ ವಾಪಸ್ಸು ಬರುತ್ತಿತ್ತು. ಶಾಲೆಯಂತೂ ಇರಲೇ ಇಲ್ಲ. ಹಾಗಾಗಿ ಯಾರಿಗೂ ಏನೂ ಗೊತ್ತಿರಲಿಲ್ಲ, ಅದಕ್ಕೆ ಯಾರೂ ಬೈಸಿಕೊಳ್ಳುತ್ತಲೂ ಇರಲಿಲ್ಲ.

ಆ ಕಾಲದಲ್ಲಿ ನಾಯಿಗಳಿಗೆಲ್ಲ ಉದ್ದ ಮೂತಿ. ಚಪ್ಪಟೆ ಮೂತಿಯ ನಾಯಿ ಅಂತ ಒಂದೂ ಇರಲಿಲ್ಲ.

ಚಪ್ಪಟೆಯಾಗುತ್ತಿದ್ದದ್ದು ಮಕ್ಕಳ ತಲೆ. ತೊಟ್ಟಿಲು ಇನ್ನೂ ಯಾರಿಗೂ ಹೊಳೆದಿರಲಿಲ್ಲವಲ್ಲ, ಬಂಡೆಯ ಮೇಲೆ ಸೊಪ್ಪು ಹಾಸಿ ಕೂಸುಗಳನ್ನು ಅಂಗಾತ ಮಲಗಿಸುತ್ತಿದ್ದರು. ಕೂಸು ಯಾವಾಗಲೂ ಒಂದೇ ಕಡೆ ತಿರುಗಿ ಮಲಗಿದರೆ, ತಲೆಯ ಆ ಭಾಗ ರೊಟ್ಟಿ ತಟ್ಟಿದ ಹಾಗೆ ಚಪ್ಪಟೆ.

ಅದನ್ನು ಸರಿ ಮಾಡುವವಳು ಸೂಲಗಿತ್ತಿ ದ್ಯಾವಜ್ಜಿ. ಹೆರಿಗೆ ಮಾಡಿಸುವವಳೂ ಅವಳೇ, ಕೂಸಿಗೆ ಎಣ್ಣೆ ಹಚ್ಚಿ ನೀರು ಹಾಕುವವಳೂ ಅವಳೇ. ಕಾಲು ಚಾಚಿ ಕೂತು, ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು, ತಲೆಯನ್ನು ಅಂಗೈಯಲ್ಲಿ ಹಿಡಿದು ಮೆಲ್ಲಗೆ ನೀವುತ್ತಿದ್ದಳು. ಮಲಗಿಸುವಾಗ ಸಾಸಿವೆ ತುಂಬಿದ ಪುಟ್ಟ ದಿಂಬಿಟ್ಟು, "ನೆನ್ನೆ ಆ ಕಡೆ ನೋಡ್ದಲ್ಲ ಮಗ, ಇವತ್ತು ಈ ಕಡೆ ನೋಡು. ಈ ಕಡೇನೂ ಲೋಕ ಐತೆ" ಅನ್ನುತ್ತಿದ್ದಳು.

ನಾಲ್ಕಾರು ತಿಂಗಳಲ್ಲಿ ತಲೆ ಗುಂಡಗೆ ಬರುತ್ತಿತ್ತು.

ಆ ಗುಟ್ಟನ್ನು ಅವಳಿಗೆ ಹೇಳಿಕೊಟ್ಟವಳು ನೆಲದವ್ವ. ಎಲ್ಲ ಜೀವಗಳನ್ನೂ ತನ್ನ ಮಣ್ಣಿಂದಲೇ ಮಾಡಿದವಳು. "ದ್ಯಾವಿ, ಹಸಿ ಇರೋ ತನಕ ಅದು ನಿನ್ನ ಕೈ ಮಾತು ಕೇಳ್ತದೆ. ಒಣಗಿದ ಮೇಲೆ ನನ್ನ ಮಾತೂ ಕೇಳಲ್ಲ" ಅಂದಿದ್ದಳು.

ಮನುಷ್ಯರ ಕೂಸಿನ ತಲೆ ಒಣಗುವುದಕ್ಕೆ ವರ್ಷದ ಮೇಲೆ ಬೇಕು. ಅದು ದ್ಯಾವಜ್ಜಿಗೆ ಚೆನ್ನಾಗಿ ಗೊತ್ತಿತ್ತು. ಬೇರೆ ಪ್ರಾಣಿಗಳದ್ದು ಎಷ್ಟು ದಿನ ಅಂತ ಅವಳು ಕೇಳಿರಲಿಲ್ಲ. ಕೇಳುವ ಪ್ರಸಂಗವೇ ಬಂದಿರಲಿಲ್ಲ. ಬಾ ಅಜ್ಜಿ, ನನ್ನ ಮರಿಗೆ ನೀರು ಹಾಕು ಅಂತ ಹುಲಿ ಯಾವತ್ತಾದರೂ ಕರೆಯುತ್ತದೆಯೇ?

ಹೀಗಿರುವಾಗ ಚೆಲುವಿ ಅನ್ನುವವಳ ಕೂಸು, ಹುಟ್ಟಿದ ಏಳನೆಯ ದಿನ, ಜ್ವರ ಬಂದು ತೀರಿಕೊಂಡಿತು.

ಹೊಟ್ಟೆಯಿಂದ ಎತ್ತಿಕೊಂಡ ಕೈಯಿಂದಲೇ ದ್ಯಾವಜ್ಜಿ ಅದನ್ನು ನೆಲದವ್ವನ ಮಡಿಲಿಗೆ ಹಾಕಿದಳು. ಚೆಲುವಿ ಅಳಲಿಲ್ಲ. ಬಂಡೆಯ ಕಡೆ ಮುಖ ಮಾಡಿ ಮಲಗಿಬಿಟ್ಟಳು. ಒಂದು ದಿನ ಉಣ್ಣಲಿಲ್ಲ. ಎರಡು ದಿನ ಉಣ್ಣಲಿಲ್ಲ. ಮೂರನೆಯ ದಿನ ನೀರನ್ನೂ ಬೇಡ ಅಂದಳು.

"ಇವಳೂ ಹೋಗ್ತಾಳೆ" ಅಂದುಕೊಂಡಳು ದ್ಯಾವಜ್ಜಿ.

ಆ ಹೊತ್ತಿಗೆ ಪೊದೆಯಲ್ಲಿ ಏನೋ ಕುಂಯ್ ಅಂದಿತು. ಚಿರತೆ ತಾಯಿನಾಯಿಯನ್ನು ಹೊತ್ತೊಯ್ದಿತ್ತು. ಉಳಿದಿದ್ದು ಒಂದೇ ಮರಿ, ಇನ್ನೂ ಕಣ್ಣು ಬಿಟ್ಟಿರಲಿಲ್ಲ. ದ್ಯಾವಜ್ಜಿ ಅದನ್ನು ಸೆರಗಿನಲ್ಲಿ ಸುತ್ತಿಕೊಂಡು ಬಂದಳು.

"ಚೆಲುವಿ, ಏಳು ಮಗ. ಇದಕ್ಕೂ ಯಾರಿಲ್ಲ, ನಿನಗೂ ಯಾರಿಲ್ಲ. ನಿನ್ನ ಎದೇಲಿ ಹಾಲೈತೆ."

ಚೆಲುವಿ ಒಂದು ಸಲ ತಿರುಗಿ ನೋಡಿದಳು. "ಅದರ ಮೂತಿ ನೋಡಜ್ಜಿ, ಎಷ್ಟುದ್ದ. ನನ್ನ ಕೂಸಿಗೆ ಇಷ್ಟೇ ಇಷ್ಟು ಮೂಗಿತ್ತು" ಅಂದವಳೇ ಮತ್ತೆ ಬಂಡೆಯ ಕಡೆ ತಿರುಗಿದಳು.

ದ್ಯಾವಜ್ಜಿ ಮರಿಯನ್ನು ಎತ್ತಿಕೊಂಡು ಹೊರಗೆ ಬಂದು, ಕಾಲು ಚಾಚಿ ಕೂತಳು. ಬಹಳ ಹೊತ್ತು ಕೂತಳು.

"ಒಂದಷ್ಟು ದಿನ ಅಷ್ಟೇ. ಅವಳು ಎದ್ದು ಉಣ್ಣಲಿ. ಆಮೇಲೆ ನೀವಿ ಎಳೆದು ಮೊದಲಿನ ಹಂಗೆ ಮಾಡಿದ್ರಾಯ್ತು. ವರ್ಷಗಟ್ಟಲೆ ಹಸಿ ಇರ್ತದಲ್ಲ" ಅಂತ ತನಗೆ ತಾನೇ ಹೇಳಿಕೊಂಡಳು.

ಕೈಗೆ ಹರಳೆಣ್ಣೆ ಹಚ್ಚಿಕೊಂಡಳು. ಮರಿಯ ತಲೆಯನ್ನು ಅಂಗೈಯಲ್ಲಿ ಗುಂಡಗೆ ನೀವಿದಳು. ಆಮೇಲೆ ಹೆಬ್ಬೆರಳನ್ನು ಅದರ ಮೂಗಿನ ತುದಿಗಿಟ್ಟು ಮೆಲ್ಲಗೆ ಒಳಕ್ಕೆ ಒತ್ತಿದಳು. ಮೂತಿ ಸರಿಯಿತು, ಸರಿಯಿತು, ಮುಖದ ಮಟ್ಟಕ್ಕೆ ಬಂದು ನಿಂತಿತು. ಗುಂಡು ತಲೆ. ಉಬ್ಬಿದ ಕೆನ್ನೆ. ನಡುವೆ ಇಷ್ಟೇ ಇಷ್ಟು ಮೂಗು.

ಈ ಸಲ ಚೆಲುವಿ ನೋಡಿದವಳು ತಿರುಗಲಿಲ್ಲ. ಇದು ಬೇರೆ ಮರಿ ಅಂದುಕೊಂಡು ಕೈ ಚಾಚಿದಳು. ಮರಿಯನ್ನು ಎದೆಗೆ ಹಾಕಿಕೊಂಡು, ಅವತ್ತು ಮೊದಲ ಸಲ ಬಿಕ್ಕಿ ಬಿಕ್ಕಿ ಅತ್ತಳು. ಅತ್ತು ಮುಗಿದ ಮೇಲೆ ಗಂಜಿ ಕೇಳಿದಳು. ಮರಿಗೆ ಗುಂಡ ಅಂತ ಹೆಸರಿಟ್ಟಳು.

ಹನ್ನೆರಡನೆಯ ದಿನ ಗುಂಡ ಕಣ್ಣು ಬಿಟ್ಟಿತು. ಚೆಲುವಿ ನೀರಿಗೆ ಹೋಗಿದ್ದಳು. ದ್ಯಾವಜ್ಜಿ ಎಣ್ಣೆ ತಂದು, ಮರಿಯನ್ನು ಕಾಲ ಮೇಲೆ ಹಾಕಿಕೊಂಡು, ಮೂಗನ್ನು ಮುಂದಕ್ಕೆ ನೀವಿದಳು. ಬರಲಿಲ್ಲ. ಎಳೆದಳು. ಬರಲಿಲ್ಲ. ಒಳಗಿನ ಮೂಳೆ ಹೊಳೆಯ ಕಲ್ಲಿನ ಹಾಗೆ ಗಟ್ಟಿಯಾಗಿತ್ತು. ಗುಂಡ ನೋವಿಗೆ ಕಿರುಚಿದಾಗ ಕೈ ಬಿಟ್ಟಳು.

ನೆಲಕ್ಕೆ ಬಾಯಿ ಹಚ್ಚಿ ಕೂಗಿದಳು. "ನೆಲದವ್ವಾ! ಇನ್ನೂ ತಿಂಗಳೂ ತುಂಬಿಲ್ಲ ಕಣವ್ವಾ!"

"ನಾಯಿಮರಿ ಬೇಗ ಎದ್ದು ಓಡಬೇಕು, ದ್ಯಾವಿ. ಅದಕ್ಕೇ ಬೇಗ ಒಣಗಿಸ್ತೀನಿ. ಕಣ್ಣು ಬಿಡೋ ತನಕ ಅಷ್ಟೇ ಅದರ ಹಸಿ. ನೀನು ಕೇಳಲಿಲ್ಲ."

"ನೀನೂ ಹೇಳಲಿಲ್ಲ."

"ಹೂಂ. ನಾನೂ ಹೇಳಲಿಲ್ಲ" ಅಂದಳು ನೆಲದವ್ವ.

ದ್ಯಾವಜ್ಜಿ ಈ ಮಾತನ್ನು ಚೆಲುವಿಯ ಮುಂದೆ ಆಡಲಿಲ್ಲ. ಗುಂಡ ದೊಡ್ಡದಾಯಿತು. ಮಲಗಿದರೆ ಗೊರಕೆ, ತಿಂದರೆ ಏದುಸಿರು. ಜನ ನಗುತ್ತಿದ್ದರು. "ಏನಜ್ಜಿ, ನಿಮ್ಮ ಗುಂಡ ಗೋಡೆಗೆ ಗುದ್ದಿಕೊಂಡ್ನಾ?" ಅಂತ ಕೇಳುತ್ತಿದ್ದರು. ಎಲ್ಲರ ತಮಾಷೆಗೂ ನಗುತ್ತಿದ್ದ ದ್ಯಾವಜ್ಜಿ ಇದಕ್ಕೆ ಮಾತ್ರ ನಗುತ್ತಿರಲಿಲ್ಲ.

ಬೇಸಿಗೆ ಬಂತು. ಒಂದು ಮಧ್ಯಾಹ್ನ ಚೆಲುವಿ ಗೆಡ್ಡೆ ಅಗೆಯಲು ಗುಡ್ಡ ಹತ್ತಿದಳು. ಗುಂಡ ಅವಳ ಹಿಂದೆಯೇ ಓಡಿತು. ಅರ್ಧ ದಾರಿಗೆ ಕಾಲು ಮಡಚಿ ಬಿತ್ತು. ನಾಲಿಗೆ ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿತ್ತು.

"ಅಜ್ಜೀ! ನನ್ನ ಮಗ ಉಸಿರಾಡ್ತಿಲ್ಲ, ಬಾರಜ್ಜೀ!"

ದ್ಯಾವಜ್ಜಿ ನೀರಿನ ಗಡಿಗೆ ಹೊತ್ತು, ಎದ್ದು ಬಿದ್ದು ಓಡಿ ಬಂದಳು. ಗುಂಡನ ಮೈಮೇಲೆ ನೀರು ಹೊಯ್ದಳು. ಗಾಳಿಯನ್ನು ಕೂಗಿದಳು. "ಗಾಳಿಯಪ್ಪಾ, ಇದರೊಳಗೆ ಹೋಗಪ್ಪಾ!"

ಗಾಳಿ ಗುಂಡನ ಮುಖದ ಸುತ್ತ ಸುಳಿದಾಡಿತು. "ಎಲ್ಲಿಂದ ಹೋಗ್ಲಿ ಅಜ್ಜಿ? ಬಾಗಿಲನ್ನ ಯಾರೋ ಒತ್ತಿ ಕಿರಿದು ಮಾಡವ್ರೆ."

"ಯಾರದು?" ಅಂದಳು ಚೆಲುವಿ.

"ನಾನೇ" ಅಂದಳು ದ್ಯಾವಜ್ಜಿ. "ನಿನ್ನ ಉಳಿಸಿಕೊಳ್ಳೋಕೆ ಇದರ ಉಸಿರಿಗೆ ಕೈ ಹಾಕ್ದೆ ಕಣವ್ವ. ಮತ್ತೆ ಎಳೀಬಹುದು ಅಂದ್ಕೊಂಡಿದ್ದೆ. ಬರಲಿಲ್ಲ." ಮುದುಕಿ ಮಂಡಿಯೂರಿ ಗಾಳಿಗೆ ಕೈ ಮುಗಿದಳು. "ತಪ್ಪು ನಂದು. ನನ್ನ ಉಸಿರು ಬೇಕಾದ್ರೆ ತಗೊ. ಅದು ಮಾತ್ರ ಬದುಕಲಿ."

"ನಿನ್ನ ಹಳೇ ಉಸಿರು ಯಾರಿಗೆ ಬೇಕಜ್ಜಿ" ಅಂದಿತು ಗಾಳಿ. ಆದರೆ ಅದರ ದನಿಯೂ ತಗ್ಗಿತ್ತು. "ಅಡ್ಡಡ್ಡ ನುಸುಳಿ ನೋಡ್ತೀನಿ. ಸದ್ದಾಯ್ತದೆ, ಬಯ್ಯಬೇಡಿ."

ಗಾಳಿ ತನ್ನನ್ನು ಹುರಿ ಮಾಡಿಕೊಂಡಿತು, ನೂಲು ಮಾಡಿಕೊಂಡಿತು, ಆ ಇಕ್ಕಟ್ಟಿನಲ್ಲಿ ತೆವಳಿತು. ಗುರ್‌ರ್‌ರ್... ಗುಂಡನ ಎದೆ ಎದ್ದಿತು. ಗುರ್‌ರ್‌ರ್... ನಾಲಿಗೆಗೆ ಮೆಲ್ಲಗೆ ಕೆಂಪು ಬಂತು.

ಚೆಲುವಿ ಗುಂಡನನ್ನು ಎತ್ತಿ ಸೊಂಟಕ್ಕೆ ಇಟ್ಟುಕೊಂಡಳು. ನಾಲ್ಕು ಹೆಜ್ಜೆ ಇಳಿದು ನಿಂತಳು.

"ಇನ್ಮೇಲೆ ಬಿಸಿಲಲ್ಲಿ ಇದು ನಡೆಯಲ್ಲ ಅಜ್ಜಿ, ಇದರ ಪಾಲಿನದೂ ನಾನೇ ನಡೀತೀನಿ. ಇನ್ನೊಂದು ಮರಿಯ ಮೂಗಿಗೆ ಮಾತ್ರ ನೀನು ಕೈ ಹಚ್ಚಬೇಡ."

ದ್ಯಾವಜ್ಜಿ ಸಾಯುವ ತನಕ ಹಚ್ಚಲಿಲ್ಲ. ಆದರೆ ಸೊಂಟದ ಮೇಲೆ ಕೂತ ಗುಂಡನನ್ನು ಜನ ನೋಡಿದರು. ಆಹಾ, ಕೂಸಿನ ಹಾಗಿದೆ, ನಮಗೂ ಒಂದು ಇರಲಿ ಅಂದರು. ಕಣ್ಣು ಬಿಡದ ಮರಿಗಳನ್ನು ಹುಡುಕಿ ತಂದು, ತಮ್ಮ ತಮ್ಮ ಹೆಬ್ಬೆರಳಿಂದ ಒತ್ತಿಕೊಂಡರು. ಅವರು ಗುಂಡನ ಮುಖ ನೋಡಿದ್ದರು, ಗುಡ್ಡದ ಮೇಲೆ ಅದು ಬಿದ್ದದ್ದನ್ನು ನೋಡಿರಲಿಲ್ಲ. ಒತ್ತಿಸಿಕೊಂಡ ಮರಿಗಳಿಗೆ ಮರಿಗಳಾದವು, ಅವಕ್ಕೂ ಅದೇ ಮೂಗು ಬಂತು.

ಅದಕ್ಕೇ ಮಕ್ಕಳೇ, ಮನೆಯ ಕೂಸಿನ ತಲೆ ಒಂದು ಕಡೆ ಚಪ್ಪಟೆ ಕಂಡರೆ ಹೆದರಬೇಡಿ, ಅದು ಇನ್ನೂ ಹಸಿ ಇದೆ, ಗುಂಡಗಾಗುತ್ತದೆ. ಆದರೆ ಚಪ್ಪಟೆ ಮೂತಿಯ ನಾಯಿಯೊಂದು ಬಿಸಿಲಲ್ಲಿ ರಸ್ತೆ ಮಧ್ಯೆ ಕೂತು ಗುರ್ ಗುರ್ ಅಂದರೆ ಕತ್ತಿನ ಹಗ್ಗ ಎಳೆಯಬೇಡಿ, ನೆರಳಿಗೆ ಎತ್ತಿಕೊಂಡು ಹೋಗಿ ಸುಮ್ಮನೆ ಪಕ್ಕದಲ್ಲಿ ಕೂತಿರಿ, ಒಳಗೆ ಗಾಳಿ ಇನ್ನೂ ದಾರಿ ಹುಡುಕುತ್ತಿದೆ.